ನಿಮಗಿದು ಗೊತ್ತೆ? ರಕ್ತ ನಿಲ್ಲದವರಿಗೆ ಹೃದಯ ಚಿಕಿತ್ಸೆ

ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿ ಬಳಿ ಅಂಜನಾದ್ರಿಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದರೆ ವೈದ್ಯರು ಆಂಜಿಯೋಗ್ರಾಂಗೆ ಬರೆಯಬಹುದು. ಆದರೆ ಚಿಕ್ಕ ಗಾಯವಾದರೂ ರಕ್ತ ನಿಲ್ಲದವರ ಪಾಡೇನು? ರಕ್ತನಾಳದಲ್ಲಿ ತಡೆ ಕಂಡು ಸ್ಟೆಂಟ್ ಹಾಕಿದರೆ, ಆಮೇಲೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು. ಇವರ ರಕ್ತಕ್ಕೋ ಹೆಪ್ಪುಗಟ್ಟುವುದೇ ಕಷ್ಟ!

ದಾರಿ ಇದೆ. ರಕ್ತದಲ್ಲಿ ಕೊರತೆಯಿರುವ ಫ್ಯಾಕ್ಟರನ್ನು, ಅಂದರೆ ಹೆಪ್ಪುಗಟ್ಟಿಸುವ ಪ್ರೋಟೀನನ್ನು, ಮೊದಲೇ ಅಭಿಧಮನಿಗೆ ಕೊಟ್ಟು, ಸಾಧ್ಯವಾದಷ್ಟೂ ತೊಡೆಸಂದಿಯ ಬದಲು ಮಣಿಕಟ್ಟಿನಿಂದ ನಳಿಕೆ ತೂರಿಸುತ್ತಾರೆ. ಅಲ್ಲಿ ರಕ್ತ ಒಸರಿದರೆ ಒತ್ತಿ ಹಿಡಿಯುವುದು ಸುಲಭ. ಆದರೆ ಎಲ್ಲ ಫ್ಯಾಕ್ಟರ್‌ಗಳ ಲೆಕ್ಕ ಒಂದೇ ಅಲ್ಲ. ಎಂಟನೆಯದು 8ರಿಂದ 12 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಏಳನೆಯದು ಅದಕ್ಕೂ ಬೇಗ. ಹದಿಮೂರನೆಯದು ಮಾತ್ರ ವಾರಕ್ಕೂ ಮೀರಿ ಉಳಿಯುತ್ತದೆ. ಹನ್ನೆರಡನೆಯದು ಇನ್ನೂ ವಿಚಿತ್ರ: ಅದಿಲ್ಲದಿದ್ದರೆ ಪ್ರಯೋಗಾಲಯದ ವರದಿ ಗಾಬರಿ ಹುಟ್ಟಿಸುತ್ತದೆ, ರೋಗಿಗೆ ರಕ್ತಸ್ರಾವವೇ ಆಗುವುದಿಲ್ಲ.

ತಿರುಗುಮುರುಗಾಗಿಯೂ ಆಗುತ್ತದೆ: ಹೃದಯದ ತೊಂದರೆಯೇ ರಕ್ತ ಸೋರಿಸಬಹುದು. ಮಹಾಪಧಮನಿಯ ಕವಾಟ ಕಿರಿದಾದರೆ ಅದರಲ್ಲಿ ನುಗ್ಗುವ ರಕ್ತದ ರಭಸಕ್ಕೆ ಹೆಪ್ಪುಗಟ್ಟಿಸುವ ಒಂದು ಪ್ರೋಟೀನ್ ತುಂಡಾಗಿ, ಕರುಳಿನಲ್ಲಿ ರಕ್ತ ಸೋರಬಹುದು. ಕವಾಟ ಬದಲಿಸಿದರೆ ಸೋರಿಕೆಯೂ ಸಾಮಾನ್ಯವಾಗಿ ನಿಲ್ಲುತ್ತದೆ! ಕಿರಿದಾದ ಕವಾಟಕ್ಕೂ ಕರುಳಿನ ರಕ್ತಸ್ರಾವಕ್ಕೂ ಇರುವ ನಂಟನ್ನು 1958ರಲ್ಲೇ ಗಮನಿಸಿ ಬರೆದವರು ಅಮೆರಿಕದ ವೈದ್ಯ ಹೇಡ್.

ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ನಮ್ಮ ಕಡೆ ಫ್ಯಾಕ್ಟರ್ ಕೊರತೆಗಳಲ್ಲಿ ಕೆಲವು ಅಪರೂಪದವು ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ರಕ್ತ ಸುಲಭವಾಗಿ ಹೆಪ್ಪುಗಟ್ಟದ ಕುಸುಮ ರೋಗ (ಹಿಮೋಫಿಲಿಯಾ) ಇರುವವರ ನೆರವಿಗೆ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಹಲ್ಲು ಕೀಳಿಸಿದಾಗ ದಿನಗಟ್ಟಲೆ ರಕ್ತ ಬಂದದ್ದುಂಟೆ? ಹೃದಯದ ವೈದ್ಯರಿಗೆ ಅದನ್ನು ಮೊದಲೇ ಹೇಳಿ.