ಕೀ ಕೊಟ್ಟ ಮೇಲೆ ಕಾರು ಯಾರ ಹೊಣೆ?

ಬಹಳಷ್ಟು ಕಾರ್ ವಾಷಿಂಗ್ ಸೆಂಟರ್, ಡೀಟೇಲಿಂಗ್ ಸ್ಟುಡಿಯೋಗಳ ಗೋಡೆಯ ಮೇಲೋ ಬಿಲ್ಲಿನ ಹಿಂಬದಿಯಲ್ಲೋ ಒಂದು ಸಾಲು ಇರುತ್ತದೆ: 'ವಾಹನಕ್ಕೆ ಆಗುವ ಹಾನಿಗೆ ಮಾಲೀಕರೇ ಹೊಣೆ.' ಗ್ರಾಹಕರು ಅದನ್ನು ಓದಿ ಸುಮ್ಮನಾಗುತ್ತಾರೆ. ಅಂಗಡಿಯವರು ಅದನ್ನೇ ನಂಬಿ ನೆಮ್ಮದಿಯಿಂದಿರುತ್ತಾರೆ. ಕಾನೂನು ಮಾತ್ರ ಆ ಸಾಲಿಗೆ ಅಷ್ಟು ಬೆಲೆ ಕೊಡುವುದಿಲ್ಲ.

1998ರ ಆಗಸ್ಟ್ ತಿಂಗಳ ಒಂದು ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಝೆನ್ ಕಾರಿನ ಕೀಯನ್ನು ಪಾರ್ಕಿಂಗ್ ಸಿಬ್ಬಂದಿಗೆ ಕೊಟ್ಟು ಒಳಗೆ ಹೋದರು. ಕೈಗೆ ಸಿಕ್ಕ ಚೀಟಿಯಲ್ಲಿ, ಕಾರು ಅತಿಥಿಯ ಸ್ವಂತ ಹೊಣೆಯ ಮೇಲೆ ನಿಂತಿದೆ ಎಂಬ ಷರತ್ತು ಅಚ್ಚಾಗಿತ್ತು. ತಡರಾತ್ರಿ ಹೊರಬಂದು ನೋಡಿದರೆ ಕಾರಿಲ್ಲ. ಯಾರೋ ಅದನ್ನು ಓಡಿಸಿಕೊಂಡು ಹೋಗಿದ್ದರು. ವಿಮಾ ಕಂಪನಿ ಮಾಲೀಕರಿಗೆ 2.8 ಲಕ್ಷ ರೂಪಾಯಿ ಕೊಟ್ಟು, ಆ ಹಣಕ್ಕಾಗಿ ಹೋಟೆಲಿನ ಬೆನ್ನು ಹತ್ತಿತು. ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದ್ದು 2019ರ ನವೆಂಬರ್‌ನಲ್ಲಿ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಮೋಹನ ಶಾಂತನಗೌಡರ ಅವರಿದ್ದ ಪೀಠ ಹೋಟೆಲಿನ ವಾದವನ್ನು ಒಪ್ಪಲಿಲ್ಲ. ಕೀ ತೆಗೆದುಕೊಂಡ ಮೇಲೆ ಕಾರನ್ನು ಇದ್ದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು. ಆಗದಿದ್ದರೆ, ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸುವ ಭಾರ ಮೊದಲು ಹೋಟೆಲಿನ ಮೇಲೆಯೇ ಬೀಳುತ್ತದೆ. ತನ್ನ ಸಿಬ್ಬಂದಿಯ ಅಜಾಗರೂಕತೆಯನ್ನು ಚೀಟಿಯ ಷರತ್ತಿನ ಹಿಂದೆ ಬಚ್ಚಿಡಲು ಬರುವುದಿಲ್ಲ.

ಪ್ರಕರಣ ಹೋಟೆಲಿನದು, ಆದರೆ ತತ್ವ ಡೀಟೇಲಿಂಗ್‌ಗೂ ಅಷ್ಟೇ ಸಲ್ಲುತ್ತದೆ. ಒಂದು ಕೆಲಸಕ್ಕಾಗಿ ವಸ್ತುವನ್ನು ಒಪ್ಪಿಸಿ, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವ ವ್ಯವಹಾರವನ್ನು 1872ರ ಭಾರತೀಯ ಕರಾರು ಕಾಯ್ದೆ 'ಬೈಲ್‌ಮೆಂಟ್' ಎನ್ನುತ್ತದೆ. ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟೇ ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕು ಎಂದು 151ನೇ ಕಲಂ ಹೇಳುತ್ತದೆ. ಅಷ್ಟು ಎಚ್ಚರ ವಹಿಸಿಯೂ ಹಾನಿಯಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅಂಗಡಿಯವರು ಹೊಣೆಯಲ್ಲ. 154ನೇ ಕಲಂ ಇನ್ನೂ ಬಿಗಿ. ತೊಳೆಯಲು ಬಂದ ಕಾರನ್ನು ಹುಡುಗನೊಬ್ಬ ಟೀ ತರಲು ಓಡಿಸಿಕೊಂಡು ಹೋದ ಎನ್ನೋಣ. ಆ ಓಡಾಟದಲ್ಲಿ ಕಾರಿಗೆ ಏನೇ ಆದರೂ ಪರಿಹಾರ ಕೊಡಬೇಕು, ಎಷ್ಟೇ ಹುಷಾರಾಗಿ ಓಡಿಸಿದ್ದರೂ ಸರಿ.

ಡೀಟೇಲಿಂಗ್‌ನಲ್ಲಿ ಜಗಳ ಬರುವುದು ಕಳ್ಳತನಕ್ಕಿಂತ ಹೆಚ್ಚಾಗಿ ಬಣ್ಣದ ವಿಷಯಕ್ಕೆ. ಕಾರ್ಖಾನೆಯಿಂದ ಬಂದ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಹೊಳಪು ಕೊಡುವ ಮೇಲಿನ ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್ ಮಾತ್ರ, ತಲೆಗೂದಲಿಗಿಂತಲೂ ತೆಳು. ಗೀರು ತೆಗೆಯಲು ಪಾಲಿಶಿಂಗ್ ಮೆಷಿನ್ ಹಿಡಿದಾಗಲೆಲ್ಲ ಈ ಪದರದಿಂದ ಒಂದಷ್ಟು ಸವೆಯುತ್ತದೆ, ಮತ್ತೆ ಬೆಳೆಯುವುದಿಲ್ಲ. ಬಾನೆಟ್‌ನ ಅಂಚಿನಲ್ಲಿ ಮೆಷಿನ್ ಸ್ವಲ್ಪ ಹೆಚ್ಚು ಹೊತ್ತು ನಿಂತರೂ ಬಣ್ಣ ಸುಟ್ಟು ತಳ ಕಾಣುತ್ತದೆ. ಹಿಂದೆ ಟಿಂಕರಿಂಗ್ ಮಾಡಿಸಿ ಮತ್ತೆ ಬಣ್ಣ ಹೊಡೆಸಿದ ಡೋರಿಗೆ ಪ್ರೆಶರ್ ನೀರನ್ನು ತೀರಾ ಹತ್ತಿರದಿಂದ ಹಿಡಿದರೆ ಬಣ್ಣ ಹೊಪ್ಪಳೆಯಾಗಿ ಏಳಬಹುದು. ಆಗ ಅಂಗಡಿಯವರು 'ಇದು ಮೊದಲೇ ಇತ್ತು ಸಾರ್' ಎನ್ನುತ್ತಾರೆ, ಗ್ರಾಹಕರು 'ಇರಲೇ ಇಲ್ಲ' ಎನ್ನುತ್ತಾರೆ. ಇಬ್ಬರ ಹತ್ತಿರವೂ ಸಾಕ್ಷಿ ಇರುವುದಿಲ್ಲ.

ಈ ಮಾತಿಗೆ ಎಡೆಯಿಲ್ಲದಂತೆ ಮಾಡುವುದು ಕಾರು ಒಳಬಂದ ಮೊದಲ ಹದಿನೈದು ನಿಮಿಷ. ಒಳ್ಳೆಯ ಸ್ಟುಡಿಯೋದಲ್ಲಿ ಧೂಳು ತೊಳೆದ ನಂತರ, ಮಾಲೀಕರ ಎದುರಿಗೇ, ಲೈಟ್ ಹಿಡಿದು ಕಾರಿನ ಸುತ್ತ ಬರುತ್ತಾರೆ. ಪ್ರತಿ ಭಾಗಕ್ಕೂ ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ಇಡುತ್ತಾರೆ. ಬಾನೆಟ್ 120, ಎಡಗಡೆ ಡೋರ್ 118, ಬಲಗಡೆ ಡೋರ್ ಇದ್ದಕ್ಕಿದ್ದಂತೆ 600 ಎಂದು ತೋರಿಸಿದರೆ ಅಲ್ಲಿ ಪುಟ್ಟಿ ಇದೆ ಎಂದೇ ಅರ್ಥ. ಈ ಅಂಕಿಗಳು, ಗೀರು, ಡೆಂಟ್, ಓಡೋಮೀಟರ್ ರೀಡಿಂಗ್, ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವ ದೀಪ, ಡಿಕ್ಕಿಯಲ್ಲಿರುವ ಸಾಮಾನು ಎಲ್ಲವೂ ಜಾಬ್ ಕಾರ್ಡಿಗೆ ಇಳಿಯಬೇಕು. ಫೋಟೊ ಸಹಿತ ಇಬ್ಬರ ಸಹಿಯೂ ಬೀಳಬೇಕು. ಗೋಡೆಯ ಬೋರ್ಡು ಮಾಡಲಾರದ ಕೆಲಸವನ್ನು ಈ ಒಂದು ಹಾಳೆ ಮಾಡುತ್ತದೆ, ಅದೂ ಎರಡೂ ಕಡೆಯವರ ಪರವಾಗಿ.

ಗ್ರಾಹಕರಿಗೂ ಒಂದು ಕರ್ತವ್ಯವಿದೆ. ಅಪಾಯಕ್ಕೆ ದಾರಿಯಾಗುವ ದೋಷ ತಮಗೆ ಗೊತ್ತಿದ್ದರೆ ಅದನ್ನು ಮೊದಲೇ ತಿಳಿಸಬೇಕು ಎಂದು ಅದೇ ಕಾಯ್ದೆಯ 150ನೇ ಕಲಂ ಹೇಳುತ್ತದೆ. ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಸನ್‌ರೂಫ್ ಸೋರುತ್ತದೆ ಎಂಬುದನ್ನು ಮುಚ್ಚಿಟ್ಟರೆ, ಅದರಿಂದ ನೇರವಾಗಿ ಆಗುವ ನಷ್ಟ ಅವರ ತಲೆಗೇ ಬರುತ್ತದೆ.

ಇನ್ನು ವಿಮೆ. ಹಾನಿಯಾದ ಕೂಡಲೇ 'ನಿಮ್ಮ ಇನ್ಶೂರೆನ್ಸ್‌ನಲ್ಲೇ ಕ್ಲೇಮ್ ಮಾಡಿಬಿಡಿ ಸಾರ್' ಎಂಬ ಸಲಹೆ ಬರುವುದುಂಟು. ಹಾಗೆ ಮಾಡಿದರೆ ಐದು ವರ್ಷ ಕ್ಲೇಮ್ ಇಲ್ಲದೆ ಕೂಡಿಬಂದ ಶೇಕಡಾ 50ರ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಬೇರೆಯವರ ತಪ್ಪಿಗೆ ಮಾಲೀಕರು ಹೆಚ್ಚು ಪ್ರೀಮಿಯಂ ಕಟ್ಟುವುದು ನ್ಯಾಯವಲ್ಲ. ಅಂಗಡಿಯವರೂ ತಮ್ಮ ಪಾಲಿಸಿಯನ್ನು ತೆಗೆದು ಓದಬೇಕು. ಕಟ್ಟಡ, ಮೆಷಿನುಗಳಿಗೆ ಮಾಡಿಸಿದ ವಿಮೆ ಗ್ರಾಹಕರ ಕಾರಿಗೆ ಅನ್ವಯಿಸದಿರಬಹುದು. ತಮ್ಮ ವಶದಲ್ಲಿರುವ ಪರರ ಸೊತ್ತನ್ನು ಸಾಮಾನ್ಯ ಹೊಣೆಗಾರಿಕೆ ಪಾಲಿಸಿಗಳು ಹೊರಗಿಡುವುದೇ ಹೆಚ್ಚು. ಗ್ಯಾರೇಜ್ ವ್ಯವಹಾರಕ್ಕಾಗಿ ಮೋಟಾರ್ ಟ್ರೇಡ್ ಪಾಲಿಸಿಗಳಿವೆ, ಕೇಳಿ ಮಾಡಿಸಿಕೊಳ್ಳಬೇಕು. ಲೈಸೆನ್ಸ್ ಇಲ್ಲದ ಹುಡುಗರ ಕೈಗೆ ಕೀ ಕೊಡುವುದನ್ನಂತೂ ಇಂದೇ ನಿಲ್ಲಿಸಬೇಕು. ಅಂಗಳದಲ್ಲಿ ನಾಲ್ಕು ಅಡಿ ಹಿಂದೆ ತೆಗೆಯುವಾಗಲೂ ಕ್ಲಚ್ಚಿನ ಬದಲು ಆಕ್ಸಿಲರೇಟರ್ ತುಳಿದರೆ ಹಿಂದೆ ನಿಂತವರ ಜೀವವೇ ಹೋಗಬಹುದು.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಿವಾದ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು, ಜೊತೆಗೆ ಬಿಲ್ಲು ಮತ್ತು ಜಾಬ್ ಕಾರ್ಡಿನ ಪ್ರತಿ ಇರಬೇಕು.