ಕೈಯ ಪಾಲು

ರಾಜಾಜಿನಗರದ ನಮ್ಮ ಬೀದಿಯಲ್ಲಿ ರೇಷ್ಮೆದಾರದ ಬಳೆಗಳನ್ನು ಮಾಡಿ ಮಾರುವ ಗೃಹಿಣಿಯೊಬ್ಬರಿದ್ದಾರೆ. ಬರಿಯ ಪ್ಲಾಸ್ಟಿಕ್ ಬಳೆಗೆ ಅಂಟು ಸವರಿ, ಎಳೆಗಳನ್ನು ಒತ್ತೊತ್ತಾಗಿ ಸುತ್ತಿ, ಮೇಲೆ ಒಂದೊಂದಾಗಿ ಹರಳು ಕೂರಿಸುವ ಕೆಲಸ. ಗೌರಿ ಹಬ್ಬದ ಮುನ್ನ ನನ್ನ ಹೆಂಡತಿ ಒಂದು ಜತೆ ಕೊಳ್ಳಹೋದಾಗ ನಾನೂ ಹೋಗಿದ್ದೆ. ಆಕೆ 300 ರೂಪಾಯಿ ಎಂದರು.

“ಏನಮ್ಮಾ, ಬಳೆ, ದಾರ, ಹರಳು ಎಲ್ಲ ಸೇರಿದರೂ ನೂರು ದಾಟದಲ್ಲ!” ಎಂದು ಲೆಕ್ಕ ಹಾಕಿದ ಜಾಣ ನಾನೇ. ಆಕೆ ಮರುಮಾತಾಡದೆ ಐವತ್ತು ಇಳಿಸಿದರು.

ದಾರಿಯಲ್ಲಿ ನನ್ನ ಹೆಂಡತಿ ಕೇಳಿದಳು: “ಮೂರು ಗಂಟೆ ಕೂತು ಮಾಡಿದ್ದಂತೆ. ನಿಮ್ಮ ಪಾಠಕ್ಕೆ ಸೀಮೆಸುಣ್ಣದ ಬೆಲೆಯನ್ನಷ್ಟೇ ಕೊಟ್ಟರೆ ಒಪ್ಪುವಿರಾ?”

ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಈ ಬುದ್ಧಿ ನನ್ನೊಬ್ಬನದಲ್ಲ, ಬಹಳ ಹಳೆಯದು. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡನೆಂದು ಗಾದೆ ಕಟ್ಟಿದವರು ನಾವು. ಅವನಿಗೆ ಅಕ್ಕನಾದರೂ ನ್ಯಾಯವಾದ ಕೂಲಿ ಕೊಟ್ಟಳೇ ಎಂದು ಯಾರೂ ವಿಚಾರಿಸಿದಂತಿಲ್ಲ. ಕೂಲಿ ಎಂದರೆ ಹುಬ್ಬು ಗಂಟಿಕ್ಕುವ ನಾವು, ಸವಕಳಿ ಎಂದರೆ, ಇಂದಿನ ಅಂಗಡಿಗಳ ಮಾತಿನಲ್ಲಿ ‘ವೇಸ್ಟೇಜು’ ಎಂದರೆ, ಗೊಣಗುತ್ತಲೇ ತೆರುತ್ತೇವೆ. ಮೂಸೆಯಲ್ಲಿ ಕರಗಿಸುವಾಗ, ಅರದಿಂದ ಉಜ್ಜುವಾಗ, ಮೆರುಗು ಕೊಡುವಾಗ ಚಿನ್ನ ಒಂದಿಷ್ಟು ಉದುರುವುದು ನಿಜವೇ. ಚಿನ್ನದ ಕೆಲಸದವರ ಓಣಿಗಳ ಧೂಳನ್ನು ಗುಡಿಸಿ ತೊಳೆದು ಅದರಲ್ಲೇ ಹೊಟ್ಟೆ ಹೊರೆಯುವವರುಂಟು. ಆದರೆ ಆ ಸವಕಳಿಯ ಹೆಸರಿನಡಿ ಕೈಯ ಪಾಲೂ ಮುಖ ಮರೆಸಿಕೊಂಡು ಕುಳಿತಿದೆ. ಮಜೂರಿಯನ್ನು ಚಿನ್ನದ ಬೆಲೆಗೆ ಶೇಕಡಾ ಇಷ್ಟೆಂದು ಕಟ್ಟುವ ಅಂಗಡಿಗಳೇ ಹೆಚ್ಚು. ದರ ಏರಿದ ದಿನ ಅದೇ ಕೆತ್ತನೆಗೆ ಗಿರಾಕಿ ಹೆಚ್ಚು ತೆರುತ್ತಾನೆ. ಆ ಹೆಚ್ಚಳ ಕೆತ್ತಿದವನ ಮನೆ ಮುಟ್ಟುವುದೆಂಬ ನಂಬಿಕೆ ನನಗಿಲ್ಲ.

ಚಿನ್ನದ ಮರೆ ತಪ್ಪಿದರೆ ಏನಾಗುವುದೆಂಬುದನ್ನು ನಾಡು ಒಮ್ಮೆ ಕಂಡಿದೆ. 1963ರ ಜನವರಿಯಲ್ಲಿ ಬಂದ ಚಿನ್ನದ ನಿಯಂತ್ರಣವು 14 ಕ್ಯಾರಟ್ಟಿಗಿಂತ ಶುದ್ಧವಾದ ಹೊಸ ಒಡವೆಯನ್ನು ಮಾಡಕೂಡದೆಂದಿತು. 22 ಕ್ಯಾರಟ್ಟಿಗೆ ಒಗ್ಗಿದ ಜನ ಆ ಒಡವೆಯನ್ನು ಮೂಸಿಯೂ ನೋಡಲಿಲ್ಲ. ಅಕ್ಕಸಾಲಿಗರ ಕೈ ಇತ್ತು, ತಲೆಮಾರುಗಳ ಕಸುಬಿತ್ತು, ಕೇಳುವವರಿರಲಿಲ್ಲ. ಸಾವಿರಾರು ಕುಟುಂಬಗಳ ಅಗ್ಗಿಷ್ಟಿಕೆ ಆರಿತು. ಪ್ರಾಣ ಕಳೆದುಕೊಂಡವರೂ ಇದ್ದರು. ಆ 14 ಕ್ಯಾರಟ್ಟಿನ ಕಟ್ಟು 1966ರಲ್ಲಿ ಸಡಿಲಿತು. 1968ರಲ್ಲಿ ಬಂದ ನಿಯಂತ್ರಣದ ಕಾಯಿದೆ 1990ರಲ್ಲಿ ರದ್ದಾಯಿತು. 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂದಿದೆ. 916 ಎಂಬ ಅಂಕಿ ಸಾವಿರದಲ್ಲಿ ಎಷ್ಟು ಪಾಲು ಚಿನ್ನವೆಂದು ಹೇಳುತ್ತದೆ. ಎಷ್ಟು ಪಾಲು ಕೈ ಎಂದು ಹೇಳುವ ಮುದ್ರೆ ಇನ್ನೂ ಹುಟ್ಟಿಲ್ಲ.

ದಾರದ ಬಳೆಗಾದರೋ ಅಡಗಿಕೊಳ್ಳಲು ಗುಲಗಂಜಿ ತೂಕದ ಚಿನ್ನವೂ ಇಲ್ಲ. ಅದರಲ್ಲಿ ಕೈಯ ಹೊರತು ಬೆಲೆಯುಳ್ಳದ್ದೇನೂ ಇಲ್ಲವಾದ್ದರಿಂದಲೇ ಅದು ಅಗ್ಗವಾಗಿರಬೇಕೆಂದು ನಾವು ಹಟ ಹಿಡಿಯುತ್ತೇವೆ.

ಹಬ್ಬ ಕಳೆದ ಮೇಲೆ ತಂಗಿಯ ಮಗಳಿಗೆಂದು ಇನ್ನೊಂದು ಜತೆ ತರಲು ಒಬ್ಬನೇ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಆಕೆ, “ಇನ್ನೂರೈವತ್ತೇ ಕೊಡಿ ಸಾರ್” ಎಂದರು. ಮೂರು ನೂರರ ನೋಟುಗಳನ್ನು ಕೊಟ್ಟೆ. ಎಣಿಸಿ, ಐವತ್ತರ ಚಿಲ್ಲರೆ ತರಲು ಒಳಗೆ ಹೋದರು.