ಹಿತ್ತಲ ಗುಂಡಿಯ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಕಟ್ಟುವವನಿಗೆ ಸಿಮೆಂಟು, ಮರಳು, ಕಬ್ಬಿಣಗಳ ಧಾರಣೆ ಬಾಯಿಪಾಠವಾಗಿರುತ್ತದೆ. ಬಾಗಿಲಿಗೆ ತೇಗವೋ ಹೊನ್ನೆಯೋ ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಗೃಹಪ್ರವೇಶಕ್ಕೆ ಬಂದ ನೆಂಟರಿಗೆ ದೇವರ ಮನೆಯಿಂದ ಮಾಳಿಗೆಯವರೆಗೆ ಎಲ್ಲವನ್ನೂ ತೋರಿಸುವ ಯಜಮಾನ, ಹಿತ್ತಲಿನಲ್ಲಿ ಚಪ್ಪಡಿ ಹೊದ್ದು ಕುಳಿತ ಒಂದು ಗುಂಡಿಯನ್ನು ಮಾತ್ರ ತೋರಿಸುವುದಿಲ್ಲ. ಮನೆಯ ಜಮಾಖರ್ಚಿನಲ್ಲಿಯೂ ಅದಕ್ಕೆ ಸ್ಥಾನವಿಲ್ಲ. ಆದರೆ ಗುಂಡಿ ತನ್ನ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ.

ಈ ವಿಷಯದಲ್ಲಿ ನಮ್ಮ ಭಾಷೆಯೂ ಸಂಕೋಚದ್ದೇ. 'ಹೊರಕಡೆ', 'ಬಯಲಕಡೆ', 'ಚೊಂಬು ಹಿಡಿದು ಹೋಗುವುದು' ಎಂದು ಸುತ್ತಿ ಬಳಸಿ ಹೇಳುತ್ತೇವೆ. 'ಕಕ್ಕಸು' ಎಂಬುದು ಡಚ್ಚರ ಮಾತಿನಿಂದ ಬಂದದ್ದೆಂದು ಹೇಳುವುದುಂಟು. ಸಂಸ್ಕೃತದ 'ಶೌಚ'ಕ್ಕೆ ಶುದ್ಧಿಯೆಂದೇ ಅರ್ಥ. 'ಸೆಪ್ಟಿಕ್ ಟ್ಯಾಂಕ್' ಎಂಬ ಹೆಸರು ಮಾತ್ರ ಸತ್ಯವನ್ನು ಮರೆಮಾಚುವುದಿಲ್ಲ: ಗ್ರೀಕ್ ಮೂಲದ 'ಸೆಪ್ಟಿಕ್' ಎಂದರೆ ಕೊಳೆಯಿಸುವಂಥದು. ಫ್ರಾನ್ಸಿನ ಮೂರಾಸ್ ಎಂಬಾತ ಇಂತಹ ತೊಟ್ಟಿಗೆ 1881ರಲ್ಲಿ ಪೇಟೆಂಟು ಪಡೆದ. 1895ರ ಸುಮಾರಿಗೆ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಡೊನಾಲ್ಡ್ ಕ್ಯಾಮರಾನ್ ಅದಕ್ಕೆ ಈ ಹೆಸರನ್ನು ಕೊಟ್ಟ.

ತೊಟ್ಟಿಯ ಕೆಲಸ ಸರಳವಾದುದು. ಭಾರವಾದದ್ದು ತಳಕ್ಕಿಳಿದು ಗಸಿಯಾಗುತ್ತದೆ. ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ. ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಗಸಿಯನ್ನು ಕರಗಿಸುತ್ತವೆಯಾದರೂ ಪೂರ್ತಿಯಾಗಿ ಕರಗಿಸಲಾರವು. ಆದುದರಿಂದಲೇ 2-3 ವರ್ಷಗಳಿಗೊಮ್ಮೆ ಅದನ್ನು ತೆಗೆಸಬೇಕೆಂಬ ನಿಯಮ. ತೆಗೆಸದಿದ್ದರೆ ಗಸಿಯೇ ನೀರಿನೊಡನೆ ಹೊರಟು ಇಂಗುಗುಂಡಿಯ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಆಗ ಬೇಕಾಗುವುದು ಗುಂಡಿಯ ಶುದ್ಧಿಯಲ್ಲ, ಹೊಸ ಗುಂಡಿ.

ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ಸೀಮೆಯಲ್ಲಿ ಮಣ್ಣಿನ ಗುಣವನ್ನೂ ಎಣಿಸಬೇಕು. ಅಜ್ಜಂಪುರದ ಕಡೆಯ ಎರೆಭೂಮಿ ಈರುಳ್ಳಿಗೆ ಒಲಿದದ್ದು, ಇಂಗುಗುಂಡಿಗೆ ಒಲಿಯದು. ಮಳೆಗಾಲದಲ್ಲಿ ಉಬ್ಬಿ ನಿಂತ ಎರೆ, ನೀರನ್ನು ಕುಡಿಯಲು ಒಪ್ಪುವುದಿಲ್ಲ. ಮಲೆನಾಡಿನ ಸೆರಗಿನಲ್ಲಿರುವ ತರೀಕೆರೆಯಲ್ಲಿ ಮಳೆ ಹೆಚ್ಚು. ತೇವ ಮೇಲಿದ್ದಲ್ಲಿ ಗುಂಡಿ ಬೇಗ ತುಂಬುತ್ತದೆ. ಬಯಲುಸೀಮೆಯ ಕಡೂರಿನಲ್ಲಿ ಮಣ್ಣು ಹೀರಿಕೊಳ್ಳುವ ಕಡೆಗಳಲ್ಲಿ ಗುಂಡಿ ಹತ್ತು ವರ್ಷ ತುಂಬಲಿಲ್ಲವೆಂದು ಹೆಮ್ಮೆಪಡುವವರುಂಟು. ಸಿಮೆಂಟಿನ ಬಳೆಗಳನ್ನು ಒಂದರ ಮೇಲೊಂದಿಟ್ಟು ತಳವನ್ನು ಮಣ್ಣಿಗೇ ಬಿಟ್ಟ ಗುಂಡಿ ತುಂಬದಿದ್ದರೆ, ಅದರೊಳಗಿನದು ಎಲ್ಲಿಗೋ ಹೋಗಿದೆಯೆಂದೇ ಅರ್ಥ. ಪಕ್ಕದಲ್ಲಿಯೇ ಕೊಳವೆಬಾವಿ ಇದ್ದರೆ ಹೆಮ್ಮೆಗೆ ಬದಲು ಭಯಪಡುವುದು ಲೇಸು.

ಇನ್ನು ಹಣದ ಮಾತು. ಸಕ್ಕಿಂಗ್ ಯಂತ್ರದ ಬಾಡಿಗೆ ಊರಿಗೊಂದು, ದೂರಕ್ಕೊಂದು. ಒಂದು ಸಲಕ್ಕೆ 3,000 ರೂಪಾಯಿ, 3 ವರ್ಷಕ್ಕೊಮ್ಮೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ವರ್ಷಕ್ಕೆ 1,000, ತಿಂಗಳಿಗೆ 83, ದಿನಕ್ಕೆ 3 ರೂಪಾಯಿಗೂ ಕಡಿಮೆ. ಇಡೀ ಕುಟುಂಬದ ಶುದ್ಧಿಗೆ ಒಂದು ಲೋಟ ಕಾಫಿಯ ಬೆಲೆಯೂ ಇಲ್ಲ. ತಿಂಗಳು ತಿಂಗಳು ತೆಗೆದಿಟ್ಟವನಿಗೆ ಇದು ಹೊರೆಯಲ್ಲ. ಗುಂಡಿ ಉಕ್ಕಿದ ದಿನ ಒಮ್ಮೆಲೇ ಕೊಡಬೇಕಾದವನಿಗೆ ಹೊರೆ. ಆ ಗಳಿಗೆಯಲ್ಲಿಯೇ, ಯಂತ್ರ ಬೇಡ, ಅಗ್ಗಕ್ಕೆ ಯಾರಾದರೂ ಆಳು ಸಿಕ್ಕುವನೋ ನೋಡಿ ಎಂಬ ಮಾತು ಹುಟ್ಟುತ್ತದೆ.

ಈ ಅಗ್ಗದ ಹಿಂದೆ ಒಂದು ಜೀವವಿದೆ. ಮುಚ್ಚಿದ ತೊಟ್ಟಿಯಲ್ಲಿ ಮಿಥೇನು, ಹೈಡ್ರೋಜನ್ ಸಲ್ಫೈಡುಗಳು ತುಂಬಿರುತ್ತವೆ. ಎರಡನೆಯದಕ್ಕೆ ಕೊಳೆತ ಮೊಟ್ಟೆಯ ನಾತ. ಆದರೆ ಪ್ರಮಾಣ ಮೀರಿದರೆ ಅದು ಮೂಗಿನ ಅರಿವನ್ನೇ ಕೊಲ್ಲುತ್ತದೆ. ವಾಸನೆ ನಿಂತಿತೆಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಬಿ. ಬಸವಲಿಂಗಪ್ಪನವರನ್ನು 1973ರ 'ಬೂಸಾ' ಪ್ರಕರಣದಿಂದ ಬಲ್ಲರು. ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚೆಂದು ಅವರಾಡಿದ ಮಾತಿಗೆ ನಾಡೆಲ್ಲ ಕೆರಳಿತು. ಅದೇ ದಶಕದಲ್ಲಿ ಮಂತ್ರಿಯಾಗಿ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದನ್ನು ನೆನೆಯುವವರು ಕಡಿಮೆ. ಮಾತು ನೆನಪಿನಲ್ಲುಳಿದು ಕೃತಿ ಮರೆತುಹೋದದ್ದು, ಸಾಹಿತ್ಯವನ್ನು ಕಲಿಸುವ ನಾವು ಯೋಚಿಸಬೇಕಾದ ಸಂಗತಿ. ನಿಷೇಧವಾಗಿ ಮೂರು ದಶಕಗಳು ಕಳೆದ ಮೇಲೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ತಮ್ಮ ಪಾಡನ್ನು ಲೋಕಕ್ಕೆ ತೋರಿಸಬೇಕಾಯಿತು.

2013ರ ಕಾನೂನಿನ ಪ್ರಕಾರ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಂತಹ ತೊಟ್ಟಿಗಿಳಿಸುವುದು ಅಪರಾಧ. ಮೊದಲ ತಪ್ಪಿಗೇ 2 ವರ್ಷದವರೆಗೆ ಸೆರೆ, ಅಥವಾ 2 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಅಧಿಕಾರಿಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಇದು ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ 10 ಲಕ್ಷ ರೂಪಾಯಿಯ ಪರಿಹಾರವನ್ನು ವಿಧಿಸಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ದಿನಕ್ಕೆ 3 ರೂಪಾಯಿಯ ಉಳಿತಾಯವನ್ನು ಈ ಮೊತ್ತಗಳ ಪಕ್ಕದಲ್ಲಿಟ್ಟು ನೋಡಬೇಕು.

ಯಂತ್ರ ಬಂದು ಹೀರಿಕೊಂಡು ಹೋದರೂ ಲೆಕ್ಕ ಮುಗಿಯದು. ಎಲ್ಲಿ ಸುರಿದರು? ಹಳ್ಳಕ್ಕೋ, ಕೆರೆಯಂಗಳಕ್ಕೋ? ದೇವನಹಳ್ಳಿಯಲ್ಲಿ 2015ರಲ್ಲಿ, ಗುಂಡಿಗಳ ಗಸಿಯನ್ನು ಸಂಸ್ಕರಿಸಿ ಗೊಬ್ಬರವಾಗಿಸುವ ಘಟಕವೊಂದು ಆರಂಭವಾಯಿತು. ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದ ರೈತನಿಗೆ ಗೊಬ್ಬರದ ಮಹಿಮೆಯನ್ನು ಹೇಳಿಕೊಡಬೇಕಾದುದಿಲ್ಲ. ಸಂಸ್ಕರಿಸದ ಗಸಿ ರೋಗ, ಸಂಸ್ಕರಿಸಿದ್ದು ಬೆಳೆ.

ಮನೆ ಕಟ್ಟುವವರು ಅಂದಾಜು ಪಟ್ಟಿಯಲ್ಲಿ ಒಂದು ಸಾಲನ್ನು ಹೆಚ್ಚಾಗಿ ಬರೆಯಲಿ: ಗುಂಡಿಯ ಶುದ್ಧಿ, ಯಂತ್ರದಿಂದ, 3 ವರ್ಷಕ್ಕೊಮ್ಮೆ. ನಾವು ಬರೆಯದೆ ಬಿಟ್ಟ ಸಾಲನ್ನು ತೀರಿಸುವವನು ನಮ್ಮ ಮನೆಯವನಲ್ಲ, ಬೇರೊಬ್ಬರ ಮನೆಯ ಮಗ.